ಬಾನಿನ ಕಟ್ಟೆ: ಬೀಜಿಂಗ್‌ನಲ್ಲೊಂದು ನಡಿಗೆ

(ನಮ್ಮ ಬಡಾವಣೆಯ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಬೀಜಿಂಗ್‌ನ ಸ್ವರ್ಗ ಮಂದಿರ’ ಎಂದು ಅಚ್ಚಾಗಿದೆ. ಸಂಘಟಕರನ್ನು ದೂರುವಂತಿಲ್ಲ, ಎಲ್ಲರೂ ಹಾಗೆಯೇ ಬರೆಯುತ್ತಾರೆ. ಆದರೆ ಆ ಹೆಸರಿನಲ್ಲಿರುವುದು ಎರಡು ಪದ, ಎರಡರ ಮೇಲೂ ನನಗೆ ತಕರಾರಿದೆ. ಚೀನೀಯರು ಆ ಜಾಗವನ್ನು ತಿಯೆನ್‌ತಾನ್ ಎನ್ನುತ್ತಾರೆ. ತಿಯೆನ್ ನಮ್ಮ ಸ್ವರ್ಗದಂಥದ್ದಲ್ಲ. ಅಲ್ಲಿ ಇಂದ್ರನಿಲ್ಲ, ರಂಭೆ ಊರ್ವಶಿಯರಿಲ್ಲ, ಪುಣ್ಯವಂತರಿಗೆಂದು ಕಾದಿರಿಸಿದ ಜಾಗವೂ ಇಲ್ಲ. ಅದು ತಲೆಯ ಮೇಲಿನ ಬಾನು. ‘ಮೇಲಿರುವವನು ನೋಡುತ್ತಿದ್ದಾನೆ’ ಎಂದು ನಾವು ಬೆರಳೆತ್ತುತ್ತೇವಲ್ಲ, ಆ ಬೆರಳು ತೋರಿಸುವ ಕಡೆ. ಇನ್ನು ತಾನ್ ಎಂದರೆ ಕಟ್ಟೆ. ಅರಳಿಕಟ್ಟೆ, ನಾಗರಕಟ್ಟೆ ಎನ್ನುವಾಗ ನಮ್ಮ ಬಾಯಲ್ಲಿ ಬರುವ ಅದೇ ಕಟ್ಟೆ. ಆದ್ದರಿಂದ ಇವತ್ತಿನ ಮಟ್ಟಿಗೆ ನಾವು ಹೋಗುತ್ತಿರುವುದು ಬಾನಿನ ಕಟ್ಟೆಗೆ.

ಕೆಲಸದ ನಿಮಿತ್ತ ಮೂರು ವರ್ಷ ನಾನು ಬೀಜಿಂಗ್‌ನಲ್ಲಿದ್ದೆ. ಊರಿನಿಂದ ಬಂದ ನೆಂಟರಿಷ್ಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಹೋಗಿ ಹೋಗಿ ನನ್ನದೇ ಒಂದು ದಾರಿ ರೂಢಿಯಾಯಿತು. ಹೆಚ್ಚಿನವರು ಮೆಟ್ರೋ ಇಳಿದು ಪೂರ್ವದ ಬಾಗಿಲಿನಿಂದ ನುಗ್ಗುತ್ತಾರೆ, ಹತ್ತು ನಿಮಿಷದಲ್ಲಿ ಆ ಪ್ರಸಿದ್ಧ ನೀಲಿ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಮುಗಿಯಿತು. ನಾನು ಯಾರನ್ನೂ ಆ ದಾರಿಯಲ್ಲಿ ಕರೆದೊಯ್ಯುತ್ತಿರಲಿಲ್ಲ. ಯಾರು, ಯಾವ ದಾರಿಯಲ್ಲಿ, ಎಷ್ಟು ದೂರ ನಡೆಯಬೇಕು ಎನ್ನುವುದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಕಲ್ಲು ಮರ ತಂದು ಕಟ್ಟಿದ ಜಾಗ ಅದು ಎಂದು ನನ್ನ ತಿಳಿವಳಿಕೆ. ಹಾಗಾಗಿ ದಕ್ಷಿಣದ ಬಾಗಿಲಿನಿಂದ ಒಳಗೆ ಹೋಗಿ ಉತ್ತರಕ್ಕೆ ನಡೆಯುವುದು, ಎರಡೂವರೆ ಗಂಟೆ, ಕಾಲಿಗೆ ಒಗ್ಗಿದ ಚಪ್ಪಲಿ ಕಡ್ಡಾಯ. ಇವತ್ತು ನೀವು ಕುರ್ಚಿಯಲ್ಲಿ ಕುಳಿತೇ ನಡೆಯಬಹುದು.

ಹೊರಡುವ ಮೊದಲು ಒಂದು ಮಾತು. ಇಷ್ಟು ದೊಡ್ಡ ಪುಣ್ಯಕ್ಷೇತ್ರದಲ್ಲಿ ಮೂರ್ತಿಯಿಲ್ಲ, ತೀರ್ಥ ಪ್ರಸಾದವಿಲ್ಲ, ಜಾತ್ರೆಯಿಲ್ಲ, ಭಕ್ತರ ಸಾಲೂ ಇರಲಿಲ್ಲ. ಬಾನನ್ನು ಪೂಜಿಸುವ ಅಧಿಕಾರ ಇಡೀ ಸಾಮ್ರಾಜ್ಯದಲ್ಲಿ ಇದ್ದದ್ದು ಒಬ್ಬನಿಗೆ, ‘ಬಾನಿನ ಮಗ’ ಎಂದು ಕರೆಸಿಕೊಳ್ಳುತ್ತಿದ್ದ ಚಕ್ರವರ್ತಿಗೆ. ಬೇರೆ ಯಾರಾದರೂ ಆ ಪೂಜೆ ಮಾಡಿದರೆ ಅದು ಭಕ್ತಿಯಲ್ಲ, ರಾಜದ್ರೋಹ. ಅಂಥ ಒಬ್ಬನೇ ಭಕ್ತನಿಗಾಗಿ ಗೋಡೆ ಹಾಕಿದ ಜಾಗ ಸುಮಾರು 273 ಹೆಕ್ಟೇರ್. ಅವನು ಸಂಸಾರ ಸಮೇತ ವಾಸವಾಗಿದ್ದ ಅರಮನೆಯ ಆವರಣ 72 ಹೆಕ್ಟೇರ್. ಮಗನ ಮನೆಗಿಂತ ಅಪ್ಪನ ಮನೆ ದೊಡ್ಡದಾಗಿರಬೇಕು ಎಂಬ ಲೆಕ್ಕ. ಆ ಗೋಡೆಯೂ ಉತ್ತರದಲ್ಲಿ ಬಿಲ್ಲಿನಂತೆ ಬಾಗಿದೆ, ದಕ್ಷಿಣದಲ್ಲಿ ನೇರ ಮೂಲೆಗಳಿವೆ. ಆಕಾಶ ದುಂಡಗೆ, ಭೂಮಿ ಚೌಕ ಎಂಬುದು ಅವರ ಹಳೆಯ ನಂಬಿಕೆ.

ಕಟ್ಟಿಸಿದವನು ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ. ರಾಜಧಾನಿಯನ್ನು ಬೀಜಿಂಗ್‌ಗೆ ತಂದವನೂ ಅವನೇ. ಅರಮನೆ ಮತ್ತು ಈ ದೇವಾಲಯ ಎರಡೂ 1420ರಲ್ಲಿ ಮುಗಿದವು. ಆಗ ಬಾನಿಗೂ ಭೂಮಿಗೂ ಒಂದೇ ಕಡೆ ಪೂಜೆ ನಡೆಯುತ್ತಿತ್ತು. ಶಾಸ್ತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವನಾದ ಜಿಯಾಜಿಂಗ್ ಚಕ್ರವರ್ತಿ 1530ರಲ್ಲಿ ಎರಡನ್ನೂ ಬೇರೆ ಮಾಡಿದ. ಭೂಮಿಗೆ ನಗರದ ಉತ್ತರದಲ್ಲಿ, ಸೂರ್ಯನಿಗೆ ಪೂರ್ವದಲ್ಲಿ, ಚಂದ್ರನಿಗೆ ಪಶ್ಚಿಮದಲ್ಲಿ ಪ್ರತ್ಯೇಕ ಕಟ್ಟೆಗಳಾದವು. ಇಲ್ಲಿ ದಕ್ಷಿಣದಲ್ಲಿ ಬಾನಿಗೆಂದೇ ಒಂದು ದುಂಡು ಕಟ್ಟೆ ಎದ್ದಿತು. ನಾವು ಮೊದಲು ಹೋಗುವುದು ಅಲ್ಲಿಗೆ.

ಮೊದಲ ಸಲ ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಗರ್ಭಗುಡಿ ಎಲ್ಲಿ ಎಂದು ಹುಡುಕುತ್ತಾರೆ. ಬಿಳಿ ಅಮೃತಶಿಲೆಯ ಮೂರು ಅಂತಸ್ತಿನ ದುಂಡು ಜಗಲಿ, ಸುತ್ತ ಕಟಾಂಜನ, ಅಷ್ಟೇ. ಕಂಬವಿಲ್ಲ, ಚಾವಣಿಯಿಲ್ಲ. ಬಾನನ್ನು ಪೂಜಿಸಲು ಬಂದವನ ತಲೆಯ ಮೇಲೆ ಮತ್ತೊಂದು ಸೂರು ಏಕೆ? ಕ್ಯಾಲೆಂಡರುಗಳಲ್ಲಿ ಕಾಣುವ ನೀಲಿ ಗೋಪುರದಲ್ಲಿ ಈ ಮಹಾಪೂಜೆ ನಡೆಯುತ್ತಿತ್ತು ಎಂದು ಅನೇಕರು ತಿಳಿದಿದ್ದಾರೆ. ಇಲ್ಲ, ಅದು ನಡೆಯುತ್ತಿದ್ದದ್ದು ಈ ಬೋಳು ಕಟ್ಟೆಯ ಮೇಲೆ.

ಈ ಕಟ್ಟೆಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಎಣಿಸಬೇಕು. ಮೇಲಿನ ಅಂತಸ್ತಿನ ನಡುವೆ ಒಂದು ದುಂಡು ಚಪ್ಪಡಿ ಇದೆ, ಅದರ ಹೆಸರು ‘ಬಾನಿನ ಎದೆಯ ಕಲ್ಲು’. ಅದರ ಸುತ್ತ ಮೊದಲ ಬಳೆಯಲ್ಲಿ 9 ಚಪ್ಪಡಿಗಳು, ಎರಡನೆಯದರಲ್ಲಿ 18, ಮೂರನೆಯದರಲ್ಲಿ 27, ಹೀಗೆ ಒಂಬತ್ತನೆಯ ಬಳೆಯಲ್ಲಿ 81. ಎರಡನೆಯ ಅಂತಸ್ತು 90ರಿಂದ ಶುರುವಾಗುತ್ತದೆ, ಕೆಳಗಿನ ಅಂತಸ್ತಿನ ಕೊನೆಯ ಬಳೆ 243ಕ್ಕೆ ನಿಲ್ಲುತ್ತದೆ. ಒಟ್ಟು 27 ಬಳೆ, 3,402 ಚಪ್ಪಡಿ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಒಂಬತ್ತೊಂಬತ್ತು ಮೆಟ್ಟಿಲು. ಕಟಾಂಜನದ ಫಲಕಗಳು ಮೇಲೆ 72, ನಡುವೆ 108, ಕೆಳಗೆ 180, ಕೂಡಿದರೆ 360. ಬೆಸ ಸಂಖ್ಯೆ ಬಾನಿನದು, ಸಮಸಂಖ್ಯೆ ಭೂಮಿಯದು, ಬಿಡಿ ಬೆಸ ಸಂಖ್ಯೆಗಳಲ್ಲಿ ಒಂಬತ್ತೇ ದೊಡ್ಡದು. ಜಿಯಾಜಿಂಗ್ ಕಟ್ಟಿಸಿದ ಮೂಲ ಕಟ್ಟೆ ಇಷ್ಟು ದೊಡ್ಡದಿರಲಿಲ್ಲ. 1749ರಲ್ಲಿ ಚಿಂಗ್ ವಂಶದ ಚಿಯೆನ್‌ಲೊಂಗ್ ಇದನ್ನು ಹಿಗ್ಗಿಸಿದ. ನಮ್ಮ ಜೊತೆಗಿದ್ದ ಮಕ್ಕಳಿಗೆ ನಾನು ಇಲ್ಲಿ ಒಂಬತ್ತರ ಮಗ್ಗಿ ಹೇಳಿಸುತ್ತಿದ್ದೆ. ನಡುಗಲ್ಲಿನಿಂದ ಒಂದೊಂದು ಬಳೆ ದಾಟಿದಂತೆ ಒಂದೊಂದು ಸಾಲು. ಒಂಬತ್ತೊಂಬತ್ತಲೆ ಎಂಬತ್ತೊಂದು ಎನ್ನುವಾಗ ಕೈಗೆ ಕಟಾಂಜನ ಸಿಗುತ್ತದೆ.

ಆ ನಡುಗಲ್ಲಿನ ಮೇಲೆ ನಿಂತು ಮಾತಾಡಿದರೆ ನಮ್ಮ ದನಿ ನಮಗೇ ತುಂಬಿದಂತೆ ಕೇಳುತ್ತದೆ. ಸುತ್ತಲಿನ ಕಲ್ಲಿನ ಫಲಕಗಳಿಗೆ ಬಡಿದ ಸದ್ದು ಎಷ್ಟು ಬೇಗ ಮರಳುತ್ತದೆಂದರೆ ಪ್ರತಿಧ್ವನಿ ಬೇರೆಯಾಗಿ ಕೇಳುವುದೇ ಇಲ್ಲ, ಮೂಲ ದನಿಯೊಂದಿಗೆ ಬೆರೆತುಬಿಡುತ್ತದೆ. (ಈ ಮಾತು ಹೇಳುವಾಗ ಸಭಾಂಗಣದ ಮೈಕ್ ಕೈಕೊಟ್ಟಿತ್ತು. ಹಿಂದಿನ ಸಾಲಿನವರು ನಕ್ಕದ್ದು ಅದಕ್ಕೆ.)

ಪೂಜೆ ಯಾವಾಗ? ವರ್ಷದ ಅತಿ ದೀರ್ಘ ರಾತ್ರಿ ಮುಗಿಯುವ ಹೊತ್ತಿಗೆ, ಡಿಸೆಂಬರ್ 21 ಅಥವಾ 22ರ ಸುಮಾರಿಗೆ. ಸೂರ್ಯ ಉತ್ತರಕ್ಕೆ ತಿರುಗುವ ದಿನ. ನಮ್ಮಲ್ಲಿ ಉತ್ತರಾಯಣವೆಂದರೆ ಎಳ್ಳು ಬೆಲ್ಲ, ಸುಗ್ಗಿ, ಇಳಿಬಿಸಿಲು. ಬೀಜಿಂಗ್‌ನಲ್ಲಿ ಆ ಹೊತ್ತಿಗೆ ಹೆಪ್ಪುಗಟ್ಟುವ ಚಳಿ, ಮಂಗೋಲಿಯಾ ಕಡೆಯಿಂದ ಬೀಸುವ ಒಣಗಾಳಿ. ಸೂರ್ಯ ಹುಟ್ಟುವ ಮೊದಲೇ, ಎತ್ತರದ ಕಂಬಗಳಿಗೆ ಕಟ್ಟಿದ ದೊಡ್ಡ ದೀಪಗಳ ಬೆಳಕಿನಲ್ಲಿ ಚಕ್ರವರ್ತಿ ಈ ಮೆಟ್ಟಿಲುಗಳನ್ನು ಹತ್ತಬೇಕಿತ್ತು. ಪಕ್ಕದ ಹಸಿರು ಹೆಂಚಿನ ಒಲೆಯಲ್ಲಿ ಇಡೀ ಕರುವನ್ನು ಸುಟ್ಟು ಅದರ ಹೊಗೆ ಬಾನಿಗೆ ಮುಟ್ಟುವಂತೆ ಮಾಡುತ್ತಿದ್ದರು. ನೀಲಿ ಜೇಡ್ ಕಲ್ಲಿನ ಬಿಲ್ಲೆ, ರೇಷ್ಮೆ, ಮದ್ಯ ಅರ್ಪಣೆಯಾಗುತ್ತಿದ್ದವು. ಉಳಿದ ದಿನಗಳಲ್ಲಿ ಇಡೀ ದೇಶ ಯಾರಿಗೆ ಅಡ್ಡಬೀಳುತ್ತಿತ್ತೋ ಅವನು ಈ ಕಲ್ಲಿನ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸುತ್ತಿದ್ದ. ಊರವರಿಗೆ ಇದಾವುದೂ ಕಾಣುವಂತಿರಲಿಲ್ಲ. ಮೆರವಣಿಗೆ ಸಾಗುವ ಬೀದಿಯ ಬಾಗಿಲು ಕಿಟಕಿಗಳೆಲ್ಲ ಮುಚ್ಚಿರಬೇಕು.

ಒಮ್ಮೆ ಮಾತ್ರ ಕಂಡರು. 1585ರಲ್ಲಿ ಭಾರಿ ಬರ. ಬಾವಿಗಳು ಬತ್ತಿದವು. ಆಗಿನ ಚಕ್ರವರ್ತಿ ವಾನ್‌ಲಿಗೆ 21 ವರ್ಷ. ಮಳೆ ಬೇಡಲು ತಾನು ನಡೆದೇ ಹೋಗುತ್ತೇನೆಂದು ಹೊರಟ. ಪಲ್ಲಕ್ಕಿ ಬೇಡವೆಂದ, ಕಸೂತಿಯ ರಾಜವಸ್ತ್ರ ಬಿಟ್ಟು ನೀಲಿಯ ಸಾದಾ ನೂಲಿನ ನಿಲುವಂಗಿ ತೊಟ್ಟ. ಅರಮನೆಯಿಂದ ಈ ಕಟ್ಟೆಗೆ ನಾಲ್ಕೈದು ಕಿಲೋಮೀಟರ್. ಅಧಿಕಾರಿಗಳು ಎರಡು ಸಾಲಾಗಿ ಜೊತೆಗೆ ನಡೆದರು. ಜನ ನಿಂತು ನೋಡಿದರು. ಪೂಜೆ ಮುಗಿದ ಮೇಲೆ ಅಧಿಕಾರಿಗಳನ್ನು ಕರೆದು, ಬರಕ್ಕೆ ತನ್ನ ತಪ್ಪು ಕಾರಣ, ಜನರನ್ನು ಸುಲಿಯುವ ಅಧಿಕಾರಿಗಳೂ ಕಾರಣ ಎಂದ. ವಾಪಸಾಗುವಾಗ ಪಲ್ಲಕ್ಕಿ ತಂದರೆ ಮತ್ತೆ ಬೇಡವೆಂದು ನಡೆದೇ ಹೋದ. ಮಳೆ ಬಂದದ್ದು ಸುಮಾರು ಒಂದು ತಿಂಗಳ ಮೇಲೆ. ಇದೇ ವಾನ್‌ಲಿ ಮುಂದೆ ಅಧಿಕಾರಿಗಳ ಮೇಲೆ ಮುನಿಸಿಕೊಂಡು ವರ್ಷಗಟ್ಟಲೆ ದರ್ಬಾರಿಗೇ ಬರದೆ ಅರಮನೆಯೊಳಗೆ ಕುಳಿತ ಎನ್ನುವುದನ್ನೂ ಹೇಳಬೇಕು. ಆದರೆ ಆ ಒಂದು ದಿನ ಅವನು ನಡೆದ.

ಕಟ್ಟೆಯಿಂದ ಉತ್ತರಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಒಂದು ಪುಟ್ಟ ದುಂಡು ಗುಡಿ. ಬಾನಿನ ಹೆಸರು ಬರೆದ ಮರದ ಫಲಕವನ್ನು ವರ್ಷವಿಡೀ ಇಡುತ್ತಿದ್ದದ್ದು ಇಲ್ಲಿ. ಪೂಜೆಯ ದಿನ ಅದನ್ನು ಕಟ್ಟೆಗೆ ಬಿಜಯಂಗೈಸುತ್ತಿದ್ದರು. ನಮ್ಮ ಉತ್ಸವಮೂರ್ತಿಯ ಹಾಗೆ ಎನ್ನಿ. ಆದರೆ ಜನ ಮುಗಿಬೀಳುವುದು ಗುಡಿಗಲ್ಲ, ಅದನ್ನು ಸುತ್ತುವರಿದ ಗೋಡೆಗೆ. 3.72 ಮೀಟರ್ ಎತ್ತರ, ಸುಮಾರು 193 ಮೀಟರ್ ಸುತ್ತಳತೆ, ನುಣ್ಣಗೆ ಉಜ್ಜಿದ ಇಟ್ಟಿಗೆ. ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ತುದಿಯಲ್ಲಿ ಕಿವಿಯಿಟ್ಟವರಿಗೆ ಕೇಳಬೇಕು. ಸದ್ದಿನ ಅಲೆ ಗೋಡೆಯ ಬಾಗನ್ನೇ ಹಿಡಿದು ಚಿಮ್ಮಿ ಚಿಮ್ಮಿ ಸಾಗುತ್ತದೆ. ವಿಜಯಪುರದ ಗೋಲಗುಂಬಜ್‌ನ ಪಿಸುಮಾತಿನ ಗ್ಯಾಲರಿಯದೂ ಇದೇ ಗುಟ್ಟು. ಸರ್ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳ ಬಗ್ಗೆ ಅಧ್ಯಯನ ಮಾಡಿದವರು.

ಒಮ್ಮೆ ನನ್ನ ಸೋದರಮಾವ ಬಂದಿದ್ದರು. ಎಪ್ಪತ್ತೆರಡು ವರ್ಷ, ಮಂಡಿನೋವು, ನಿವೃತ್ತ ಶಿಕ್ಷಕರು. ನಾನು ಪೂರ್ವದ ಕಡೆ ಕಿವಿಯಾನಿಸಿ ನಿಂತೆ, ಮಾವ ಪಶ್ಚಿಮದ ಕಡೆ ಹೋದರು. ನಡುವೆ ಇನ್ನೂರು ಜನ, ಎಲ್ಲರೂ ಗೋಡೆಗೆ ಬಾಯಿಟ್ಟು ಕೂಗುವವರೇ. ಐದು ನಿಮಿಷ ಕಾದೆ, ಸಂತೆಯ ಗದ್ದಲ ಬಿಟ್ಟು ಏನೂ ಕೇಳಲಿಲ್ಲ. ಕೊನೆಗೆ ಮೊಬೈಲ್ ರಿಂಗಾಯಿತು. ಮಾವ! ‘ಕೇಳಿಸಿತೇನೋ?’ ಎಂದರು. ಈಗ ಕೇಳಿಸುತ್ತಿದೆ ಮಾವ ಎಂದೆ.

ಇಲ್ಲಿಂದ ಮುಂದಕ್ಕೆ ನನಗೆ ಅತ್ಯಂತ ಇಷ್ಟವಾದ ಭಾಗ. ಅದು ಬರೀ ಒಂದು ರಸ್ತೆ. 360 ಮೀಟರ್ ಉದ್ದ, ಮೂವತ್ತು ಮೀಟರಿನಷ್ಟು ಅಗಲ, ನೆಲದಿಂದ ಎತ್ತರಿಸಿ ಕಟ್ಟಿದ್ದು. ದಕ್ಷಿಣದ ತುದಿಯಲ್ಲಿ ಎತ್ತರ ಸುಮಾರು ಒಂದು ಮೀಟರ್, ಉತ್ತರಕ್ಕೆ ಹೋದಂತೆ ನಾಲ್ಕು ಮೀಟರಿನಷ್ಟಾಗುತ್ತದೆ. ಏರು ಎಷ್ಟು ನಯವಾಗಿದೆಯೆಂದರೆ ಹತ್ತುತ್ತಿದ್ದೇವೆಂದು ಕಾಲಿಗೆ ತಿಳಿಯುವುದಿಲ್ಲ. ಪಕ್ಕದ ಸೈಪ್ರೆಸ್ ಮರಗಳು ತಗ್ಗುತ್ತಾ ಹೋದಾಗ, ನಾವೇ ಮೇಲೆ ಬಂದಿದ್ದೇವೆ ಎಂದು ಕಣ್ಣಿಗೆ ಹೊಳೆಯುತ್ತದೆ.

ಈ ರಸ್ತೆಯಲ್ಲಿ ಮೂರು ಹಾದಿ. ನಡುವಿನದು ದೇವರದು. ಅದರ ಮೇಲೆ ಚಕ್ರವರ್ತಿಯೂ ಕಾಲಿಡುವಂತಿಲ್ಲ. ಅವನದು ಪೂರ್ವದ ಹಾದಿ, ಮಂತ್ರಿ ಮಾಂಡಲಿಕರದು ಪಶ್ಚಿಮದ್ದು. ಹೆಸರು ಮಾತ್ರ ‘ದಾನ್‌ಬಿ ಸೇತುವೆ’. ಹೊಳೆಯಿಲ್ಲ, ಹಳ್ಳವಿಲ್ಲ, ಸೇತುವೆ ಏಕೆ? ಏಕೆಂದರೆ ಕೆಳಗೆ ಅಡ್ಡಲಾಗಿ ಒಂದು ಸುರಂಗವಿದೆ. ಬಲಿಯ ಪ್ರಾಣಿಗಳನ್ನು ವಧೆಗೆ ಹೊಡೆದುಕೊಂಡು ಹೋಗುತ್ತಿದ್ದದ್ದು ಅದರೊಳಗಿನಿಂದ. ಒಮ್ಮೆ ಹೊಕ್ಕ ಪ್ರಾಣಿ ಹಿಂದಿರುಗುವುದಿಲ್ಲವಾದ್ದರಿಂದ ಜನ ಅದಕ್ಕೆ ‘ಪ್ರೇತದ ಬಾಗಿಲು’ ಎಂದು ಹೆಸರಿಟ್ಟರು. ಮೇಲೆ ದೇವರು, ರಾಜ, ಮಂತ್ರಿ, ಕೆಳಗೆ ಕರು, ಗೋಡೆಯ ಹೊರಗೆ ಪ್ರಜೆ. ಈಗ ನಡುವಿನ ಹಾದಿಯಲ್ಲೇ ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಾ ನಡೆಯುತ್ತಾರೆ. ನನ್ನ ಮಾವ ಮಾತ್ರ, ವಿಷಯ ತಿಳಿದ ಮೇಲೆ, ಪಶ್ಚಿಮದ ಅಂಚಿಗೆ ಸರಿದು ನಡೆದರು. ‘ನಮಗೇಕೆ ಬೇಕು’ ಎಂದರು.

ದಾರಿಯ ನಡುವೆ ಎಡಕ್ಕೆ ತಿರುಗಿದರೆ ‘ಮಡಿಯ ಅರಮನೆ’, ಜಾಯ್‌ಗೊಂಗ್. ಇಂಗ್ಲಿಷ್ ಫಲಕಗಳನ್ನು ಓದಿದವರು ಉಪವಾಸದ ಅರಮನೆ ಎನ್ನುತ್ತಾರೆ, ಆದರೆ ನಮ್ಮ ಮಡಿ ಎಂಬ ಪದ ಅದಕ್ಕೆ ಹೇಳಿ ಮಾಡಿಸಿದಂತಿದೆ. ಪೂಜೆಗೆ ಮೊದಲು ಚಕ್ರವರ್ತಿ ಮೂರು ದಿನ ಮಾಂಸ, ಮದ್ಯ, ಸಂಗೀತ, ಸ್ತ್ರೀಸಂಗ ಬಿಡಬೇಕು, ಅಪರಾಧಿಗಳಿಗೆ ಶಿಕ್ಷೆ ವಿಧಿಸಬಾರದು, ರೋಗಿಗಳನ್ನು ನೋಡಲು ಹೋಗಬಾರದು. ಊಟವಿತ್ತು. ಈ ಅರಮನೆಯ ಸುತ್ತ ಕಂದಕವಿದೆ, ಕಾವಲಿತ್ತು, ಆದರೆ ಚಾವಣಿಯ ಹೆಂಚು ಹಸಿರು. ರಾಜನ ಹಳದಿ ಇಲ್ಲಿ ನಡೆಯದು. ಮುಖ ದಕ್ಷಿಣಕ್ಕಲ್ಲ, ಪೂರ್ವಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ಕೂರುವವನು ರಾಜ, ಇಲ್ಲಿ ಅವನು ಬರೀ ಮಗ. ಅಂಗಳದ ಒಂದು ಪುಟ್ಟ ಕಲ್ಲಿನ ಮಂಟಪದಲ್ಲಿ ಕಂಚಿನ ಮನುಷ್ಯನ ಬೊಂಬೆ ನಿಲ್ಲಿಸುತ್ತಿದ್ದರು. ಅದರ ಕೈಯಲ್ಲಿದ್ದ ಫಲಕದಲ್ಲಿ ಬರೆದದ್ದು, ಮಡಿಯಲ್ಲಿರು. ಜಗತ್ತಿನ ಅತ್ಯಂತ ದೊಡ್ಡ ದೊರೆಗೂ ನೆನಪಿಸಲು ಒಂದು ಬೊಂಬೆ ಬೇಕಿತ್ತು.

ಚಿಂಗ್ ವಂಶದ ಯೊಂಗ್‌ಚೆಂಗ್ 1731ರಲ್ಲಿ ತನ್ನ ಅರಮನೆಯೊಳಗೇ ಇನ್ನೊಂದು ಮಡಿಯ ಮನೆ ಕಟ್ಟಿಸಿಕೊಂಡ. ಮೊದಲ ದಿನಗಳನ್ನು ಅಲ್ಲಿ ಬೆಚ್ಚಗೆ ಕಳೆದು ಕೊನೆಯ ರಾತ್ರಿಗೆ ಮಾತ್ರ ಇಲ್ಲಿಗೆ ಬರುವ ಪದ್ಧತಿ ಬಂತು. ನಡಿಗೆ ಕಡಿಮೆಯಾಗತೊಡಗಿದ್ದು ಹೀಗೆ.

ಸರಿ, ರಸ್ತೆಯ ತುದಿಗೆ ಬಂದೆವು. ನೀವೆಲ್ಲ ಕಾಯುತ್ತಿದ್ದ ನೀಲಿ ಗೋಪುರ, ಚೀನಿಯೆನ್ ಮಂಟಪ, ಒಳ್ಳೆಯ ಬೆಳೆಗಾಗಿ ಬೇಡುವ ಮನೆ. ಚಳಿಗಾಲದ ಪೂಜೆ ಕಟ್ಟೆಯ ಮೇಲಾದರೆ, ವರ್ಷದ ಮೊದಲ ತಿಂಗಳಲ್ಲಿ ಬೆಳೆಯ ಪ್ರಾರ್ಥನೆ ಇಲ್ಲಿ. ಪೀಠ ಸೇರಿ ಎತ್ತರ 38 ಮೀಟರ್. ಮೂರು ಸುತ್ತಿನ ಚಾವಣಿ. 1545ರಲ್ಲಿ ಈ ದುಂಡು ರೂಪ ಬಂದಾಗ ಮೂರು ಸುತ್ತಿಗೂ ಬೇರೆ ಬೇರೆ ಬಣ್ಣವಿತ್ತು, ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಎಲ್ಲವನ್ನೂ ನೀಲಿ ಮಾಡಿಸಿದವನು ಚಿಯೆನ್‌ಲೊಂಗ್, ಹದಿನೆಂಟನೆಯ ಶತಮಾನದ ನಡುವಿನಲ್ಲಿ. ಅಭಿರುಚಿಯಿದ್ದ ಮನುಷ್ಯ ಎಂದು ಒಪ್ಪಲೇಬೇಕು.

ಒಳಗೆ 28 ಕಂಬ. ನಡುವಿನ ನಾಲ್ಕು ಋತುಗಳು, ಅವುಗಳ ಸುತ್ತಲಿನ ಹನ್ನೆರಡು ತಿಂಗಳುಗಳು, ಹೊರಗಿನ ಹನ್ನೆರಡು ದಿನದ ಜಾವಗಳು. ಅವರಲ್ಲಿ ದಿನಕ್ಕೆ ಎರಡೆರಡು ಗಂಟೆಯ ಹನ್ನೆರಡು ಜಾವ. ಎಲ್ಲ ಕೂಡಿದರೆ ಅವರ 28 ನಕ್ಷತ್ರಗಳು. ಪಂಚಾಂಗ ಬಲ್ಲವರು ಹುಬ್ಬೇರಿಸುತ್ತೀರಿ. ನಮ್ಮಲ್ಲಿಯೂ 27ರ ಜೊತೆ ಅಭಿಜಿತ್ ಸೇರಿಸಿ 28 ಎಣಿಸುವ ಹಳೆಯ ಲೆಕ್ಕವಿದೆಯಲ್ಲ. ಈ ಮಂಟಪದಲ್ಲಿ ನಿಂತವನು ನಿಂತಿದ್ದದ್ದು ಒಂದು ಪಂಚಾಂಗದ ಒಳಗೆ. ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ ಚೌಕಟ್ಟು ಇದು, ಕಬ್ಬಿಣದ ಮೊಳೆಯ ಆಸರೆಯಿಲ್ಲ. ಇಷ್ಟನ್ನೆಲ್ಲ ಕೇಳಿದ ಮೇಲೆ ಇನ್ನೊಂದನ್ನೂ ಕೇಳಿ. ಇದು ಆರುನೂರು ವರ್ಷದ ಕಟ್ಟಡವಲ್ಲ. 1889ರಲ್ಲಿ ಸಿಡಿಲು ಬಡಿದು ಮಂಟಪ ಸುಟ್ಟುಹೋಯಿತು. ಬಾನಿನ ಮನೆಗೆ ಬಾನೇ ಕಿಚ್ಚಿಟ್ಟರೆ ಆಸ್ಥಾನದವರು ಯಾರಿಗೆ ದೂರು ಕೊಡಬೇಕು? 1896ರ ಹೊತ್ತಿಗೆ ಹಿಂದಿನಂತೆಯೇ ಮತ್ತೆ ಕಟ್ಟಿದರು. ನಾವು ನೋಡುವುದು ಅದನ್ನು.

ಕಟ್ಟಿ ನಾಲ್ಕೇ ವರ್ಷಕ್ಕೆ, 1900ರಲ್ಲಿ, ವಿದೇಶೀಯರ ವಿರುದ್ಧ ಚೀನಾದಲ್ಲಿ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ದೇಶಗಳ ಸೈನ್ಯ ಬೀಜಿಂಗ್‌ಗೆ ನುಗ್ಗಿತು. ಬ್ರಿಟಿಷರ ಪಡೆ ಬೀಡುಬಿಟ್ಟದ್ದು ಈ ಆವರಣದಲ್ಲಿ. ಬ್ರಿಟಿಷ್ ಪಡೆ ಎಂದರೆ ಬಹುಪಾಲು ನಮ್ಮವರೇ, ರಾಜಪೂತರು, ಸಿಖ್ಖರು, ಪಂಜಾಬಿನ ಪಲ್ಟಣಗಳು. ಚಕ್ರವರ್ತಿಯ ಹೊರತು ಯಾರೂ ಪೂಜಿಸಬಾರದ ಜಾಗದಲ್ಲಿ ಭಾರತದ ಸಿಪಾಯಿಗಳು ರೊಟ್ಟಿ ಬೇಯಿಸಿದರು. ಆ ಪಡೆಯ ರಾಜಪೂತ ಸೈನಿಕನೊಬ್ಬ ಊರಿಗೆ ಮರಳಿ ಹಿಂದಿಯಲ್ಲಿ ತನ್ನ ಅನುಭವ ಬರೆದ, ಚೀನೀಯರ ಸಂಕಟ ಕಂಡು ಮರುಗಿ ಬರೆದ. ಲೂಟಿಯಾದ ವಸ್ತುಗಳಲ್ಲಿ ಪೂಜೆಯ ವಾದ್ಯಮೇಳದ ಒಂದು ಗಂಟೆಯೂ ಇತ್ತು. ಚಿನ್ನದ ಲೇಪದ ಕಂಚಿನ ಗಂಟೆ. ಒಂದೊಂದು ಸ್ವರಕ್ಕೆ ಒಂದೊಂದರಂತೆ ಸಾಲಾಗಿ ತೂಗುಹಾಕುವ ಗಂಟೆಗಳಲ್ಲಿ ಅದೂ ಒಂದು. ಬ್ರಿಟಿಷ್ ಅಧಿಕಾರಿಗಳ ಕೈಯಿಂದ ಅದು ಭಾರತಕ್ಕೆ ಬಂತು. ಬ್ರಿಟಿಷರು ಹೋದ ಮೇಲೂ ದೆಹಲಿಯ ಸೇನಾಧಿಕಾರಿಗಳ ಮೆಸ್ಸಿನಲ್ಲಿ ಉಳಿಯಿತು. 1994ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥ ಜನರಲ್ ಬಿ.ಸಿ. ಜೋಶಿ ಚೀನಾಕ್ಕೆ ಭೇಟಿ ಕೊಟ್ಟಾಗ ಅದನ್ನು ಹಿಂದಿರುಗಿಸಿದರು. ಮರುವರ್ಷ ಅದು ದೇವಾಲಯ ಸೇರಿತು. ಒಂದು ಸ್ವರ ತೊಂಬತ್ತು ವರ್ಷ ನಮ್ಮ ಮನೆಯಲ್ಲಿತ್ತು.

ಮಂಟಪದ ಹಿಂದಿನ ಅಂಗಳದ ಪಶ್ಚಿಮದ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲಿದೆ. ಮಾರ್ಗದರ್ಶಕರು ತೋರಿಸದಿದ್ದರೆ ಯಾರೂ ಗಮನಿಸುವುದಿಲ್ಲ. ಚಿಯೆನ್‌ಲೊಂಗ್‌ಗೆ ಎಪ್ಪತ್ತು ತುಂಬಿತು. ಅಷ್ಟು ದೂರ ಸುತ್ತಿ ಬರಲು ಕಾಲು ಸಹಕರಿಸುತ್ತಿರಲಿಲ್ಲ. ಹತ್ತಿರದ ದಾರಿಗೆಂದು 1781ರಲ್ಲಿ ಈ ಬಾಗಿಲು ತೆರೆದರು. ಆದರೆ ಅವನಿಗೆ ಅಳುಕು. ಮುಂದಿನವರು ಇದನ್ನೇ ನೆಪ ಮಾಡಿಕೊಂಡು ಸೋಮಾರಿಗಳಾದರೆ? ಎಪ್ಪತ್ತು ತುಂಬಿದ ವಂಶಸ್ಥರು ಮಾತ್ರ ಈ ಬಾಗಿಲಲ್ಲಿ ಬರಬಹುದು ಎಂದು ಆಜ್ಞೆ ಹೊರಡಿಸಿದ. ಅವನೇನೋ 1799ರವರೆಗೆ ಬದುಕಿದ. ಮಗ ಜಿಯಾಚಿಂಗ್ ಅರವತ್ತರ ಹೊಸ್ತಿಲಲ್ಲಿ ಹೋದ. ಮೊಮ್ಮಗ ದಾವ್‌ಗುವಾಂಗ್ 67ಕ್ಕೆ, ಇನ್ನು ಮೂರೇ ವರ್ಷವಿತ್ತು. ಶಿಯೆನ್‌ಫೆಂಗ್ 30, ತೊಂಗ್‌ಜಿ 18, ಗುವಾಂಗ್‌ಶು 37. ಕೊನೆಯ ಪುಯಿ, ಮಗುವಾಗಿದ್ದಾಗಲೇ ಸಿಂಹಾಸನ ಕಳೆದುಕೊಂಡವನು, 61ಕ್ಕೆ. ಆ ಬಾಗಿಲನ್ನು ಬಳಸಿದ್ದು ಒಬ್ಬನೇ.

‘ಮಾವ, ನಿಮಗೆ ಎಪ್ಪತ್ತೆರಡು, ಇಲ್ಲಿ ನಿಮಗೆ ಹಕ್ಕಿದೆ’ ಎಂದೆ. ಮಾವ ಬಾಗಿಲ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತು ಫೋಟೋ ತೆಗೆಸಿಕೊಂಡರು. ಊರಿನ ಅವರ ಮನೆಯ ಗೋಡೆಯ ಮೇಲೆ ನೀಲಿ ಗೋಪುರದ ಚಿತ್ರವಿಲ್ಲ, ಈ ಬಾಗಿಲಿನದಿದೆ.

ಕೊನೆಯ ಪೂಜೆಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಗಣರಾಜ್ಯ ಬಂದ ಮೇಲೆ, 1914ರ ಡಿಸೆಂಬರ್‌ನಲ್ಲಿ, ಚಕ್ರವರ್ತಿಯಾಗುವ ಆಸೆಯಿದ್ದ ಅಧ್ಯಕ್ಷ ಯುವಾನ್ ಶಿಕಾಯ್ ಇಲ್ಲಿಗೆ ಬಂದು ಚಳಿಗಾಲದ ಪೂಜೆ ಮಾಡಿದ. ಬಾನು ಒಲಿಯಲಿಲ್ಲ, ಒಂದೂವರೆ ವರ್ಷದಲ್ಲಿ ತೀರಿಹೋದ. 1918ರಲ್ಲಿ ಜಾಗ ಸಾರ್ವಜನಿಕ ಉದ್ಯಾನವಾಯಿತು.

ನಾವು ಹೊರಬೀಳುವುದು ಪೂರ್ವದ ಕಡೆಯ ಉದ್ದನೆಯ ಪಡಸಾಲೆಯ ಮೂಲಕ. 72 ಅಂಕಣ. ಆಚೆ ತುದಿಯಲ್ಲಿ ವಧೆಯ ಮನೆ, ನಡುವೆ ಅಡುಗೆಮನೆ, ನೈವೇದ್ಯದ ಮೇಲೆ ಹಿಮ ಬೀಳದಿರಲೆಂದು ಈ ಸೂರು. ಈಗ ಇದು ಬೀಜಿಂಗ್‌ನ ನಿವೃತ್ತರ ಸಾಮ್ರಾಜ್ಯ. ಬೆಳಗಿನಿಂದ ಇಸ್ಪೀಟು, ಚದುರಂಗ, ಹೆಣಿಗೆ, ಎರಡು ತಂತಿಯ ಅರ್‌ಹು ವಾದ್ಯ. ಸ್ವಲ್ಪ ಆಚೆ, ಏಳು ನಕ್ಷತ್ರದ ಕಲ್ಲುಗಳ ಬಳಿ, ಮಗನಿಗೆ ಹೆಣ್ಣು, ಮಗಳಿಗೆ ಗಂಡು ಬೇಕೆಂದು ಅಪ್ಪ ಅಮ್ಮಂದಿರು ಓದು, ಎತ್ತರ, ಸಂಬಳ ಬರೆದ ಕಾಗದ ಹರಡಿಕೊಂಡು ಕೂರುತ್ತಾರೆ. ಆ ಕಲ್ಲುಗಳನ್ನು ಎಣಿಸಿದರೆ ಎಂಟು ಇವೆ. ಎಂಟನೆಯದನ್ನು ಇಡಿಸಿದವನೂ ಚಿಯೆನ್‌ಲೊಂಗನೇ, ಆ ಕತೆ ಇನ್ನೊಮ್ಮೆ.

ಅಂದು ಮಾವ ಮಂಡಿ ಹಿಡಿದುಕೊಂಡು ಪಡಸಾಲೆಯ ಅಂಚಿನ ಮುಂದೆ ನಿಂತರು. ಅಲ್ಲಿ ನಾಲ್ವರು ಮುದುಕರ ಇಸ್ಪೀಟಿನಾಟ ಜೋರಾಗಿತ್ತು. ಭಾಷೆ ಬಾರದು, ಆಟವೂ ಬೇರೆ. ಐದು ನಿಮಿಷ ನೋಡಿದ ಮಾವ ಒಬ್ಬರ ಕೈಯಲ್ಲಿದ್ದ ಎಲೆಯೊಂದನ್ನು ಬೆರಳಿನಿಂದ ತೋರಿಸಿದರು. ಆತ ಒಮ್ಮೆ ಇವರ ಮುಖ ನೋಡಿ, ಅದನ್ನೇ ಎಸೆದರು. ಪಟ್ಟು ಯಾರ ಪಾಲಾಯಿತೋ ನನಗೆ ತಿಳಿಯಲಿಲ್ಲ, ನಾಲ್ವರೂ ಗೊಳ್ಳೆಂದು ನಕ್ಕರು. ಆಮೇಲೆ ಆ ಮನುಷ್ಯ ತನ್ನ ಚಹಾದ ಫ್ಲಾಸ್ಕನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಮಾವ ಕೂತರು. ಮೆಟ್ರೋ ಹೊತ್ತಾಯಿತು ಎಂದು ನಾನು ಮೂರು ಸಲ ಕರೆಯಬೇಕಾಯಿತು.